ಕಣಗಿಲೆ ಬೇಲಿ

ಬೀದಿಯವರಿಗೆ ಅವಳು ಬಟನ್ ಅಕ್ಕ. ಮನೆಯ ಮುಂಕೋಣೆಯಲ್ಲೇ ಗುಂಡಿ, ದಾರ, ಲೇಸು ಮಾರುವ ಅಂಗಡಿ. ಹಿತ್ತಲ ಗೋಡೆಯಾಚೆ ಅವಳ ಒಡಹುಟ್ಟಿದ ತಮ್ಮನ ಮನೆ. ತಮ್ಮ ವೆಲ್ಡಿಂಗ್ ಕೆಲಸದವನು. ಅಪ್ಪನ ಮನೆ ಎರಡು ಪಾಲಾಗುವಾಗ ಬಚ್ಚಲು ಯಾರಿಗೆಂದು ಹುಟ್ಟಿದ ಜಗಳ ಇಬ್ಬರನ್ನೂ ಎಣ್ಣೆ ಸೀಗೆಕಾಯಿ ಮಾಡಿಟ್ಟಿತ್ತು. ಅಕ್ಕನ ಮುಖ ಕಾಣದಿರಲೆಂದೇ ಅವನು ಗೋಡೆಯುದ್ದಕ್ಕೂ ಕಣಗಿಲೆ ನೆಟ್ಟ. ನೆಟ್ಟ ದಿನ, ಇದರ ಎಲೆ ಕಡ್ಡಿಯೆಲ್ಲ ವಿಷ, ನಿನ್ನ ನಾಯಿ ಜೋಪಾನ ಎಂದು ಗೋಡೆಯಾಚೆಯಿಂದ ಕೂಗಿ ಹೇಳಿದ್ದ. ಅವಳ ಕಿವಿಗೆ ಅದು ಎಚ್ಚರಿಕೆಯಂತಲ್ಲ, ಬೆದರಿಕೆಯಂತೆ ಬಿತ್ತು.

ನಾಯಿಯ ಹೆಸರು ದೊರೆ. ಹೆಸರಿಗೆ ತಕ್ಕ ಗತ್ತು. ಅಂಗಡಿಯ ಬಾಗಿಲಿಗೆ ಅಡ್ಡ ಮಲಗಿದರೆ ಗಿರಾಕಿಗಳೇ ದಾಟಿಕೊಂಡು ಬರಬೇಕು. ಗಂಡ ತೀರಿಹೋದಮೇಲೆ ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಈ ನಾಯಿಯೊಂದಿಗೇ. ಆದರೂ ದೊರೆ ಆಗಾಗ ಗೋಡೆಯ ಬುಡಕ್ಕೆ ಹೋಗಿ ತಮ್ಮ ಎಸೆದ ಬ್ರೆಡ್ಡಿಗೆ ಬಾಲ ಅಲ್ಲಾಡಿಸುತ್ತಿದ್ದ. ಅದನ್ನು ಕಂಡಾಗಲೆಲ್ಲ ಅವಳ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

ಬೇಲಿ ಬೆಳೆದು ಕೊಂಬೆಗಳು ಈಚೆಗೆ ಬಾಗಿದವು. ಒಣಗಲು ಹಾಕಿದ ಸೀರೆಯ ಮೇಲೆಲ್ಲ ಬಾಡಿದ ಹೂವು. ಎರಡು ಸಲ ಹೇಳಿ ಕಳಿಸಿದಳು, ತಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಭಾನುವಾರ ಅವನು ಹೆಂಡತಿ ಮಗಳೊಂದಿಗೆ ಹೊರಗೆ ಹೋದದ್ದೇ ತಡ, ಅವಳು ಸ್ಟೂಲು ಹತ್ತಿ ಕೈಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿ ಹಾಕಿದಳು. ದೊರೆ ರಾಶಿಯಿಂದ ಒಂದು ಕೋಲು ಕಚ್ಚಿಕೊಂಡು ಬಂದು ಅವಳ ಕಾಲ ಬಳಿ ಇಟ್ಟ. ತಮ್ಮನ ಬೇಲಿಯನ್ನು ತರಿದ ಖುಷಿಯಲ್ಲಿದ್ದ ಅವಳು ನಗುತ್ತಾ ಅದನ್ನು ದೂರ ಎಸೆದಳು. ಅವನು ತಂದ, ಅವಳು ಮತ್ತೆ ಎಸೆದಳು. ಆಮೇಲೆ ಅವನು ನೆರಳಲ್ಲಿ ಕುಳಿತು ಕೋಲನ್ನು ಅಗಿಯತೊಡಗಿದ.

ಸಂಜೆಗೆ ದೊರೆಯ ಬಾಯಿಂದ ಜೊಲ್ಲು ಸುರಿಯಿತು. ವಾಂತಿಯಾಯಿತು, ಹಿಂಗಾಲು ತಡವರಿಸಿದವು. ಆಟೋದಲ್ಲಿ ಮಡಿಲಿಗೆ ಹಾಕಿಕೊಂಡು ಪಶುವೈದ್ಯರ ಬಳಿಗೆ ಓಡಿದಳು. ನಾಯಿ ಏನು ತಿಂದಿತು ಎಂದು ವೈದ್ಯೆ ಕೇಳಿದರು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಕೊಂಬೆ ಕಡಿದವಳು ತಾನು, ಕೋಲು ಎಸೆದವಳೂ ತಾನು ಎಂದು ಹೇಳಬೇಕಿತ್ತು.

"ಪಕ್ಕದ ಮನೆಯವ್ರು ಇಲಿ ಪಾಷಾಣ ಹಾಕಿದಾರೆ," ಎಂದಳು.

ವೈದ್ಯೆ ಇಲಿ ಪಾಷಾಣಕ್ಕೆ ಮದ್ದು ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ದೊರೆ ಮತ್ತೆ ಕಕ್ಕಿದಾಗ ಅದರಲ್ಲಿ ಹಸಿರು ಸಿಪ್ಪೆ, ಉದ್ದನೆಯ ಎಲೆಯ ಚೂರು. ವೈದ್ಯೆ ಇಕ್ಕಳದಲ್ಲಿ ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದು ಕಣಗಿಲೆ ಅಲ್ವಾ? ಹೃದಯಕ್ಕೇ ಹೊಡೆಯುತ್ತೆ. ಮೊದ್ಲೇ ಹೇಳಿದ್ರೆ ಬೇರೆ ಥರ ನೋಡ್ತಿದ್ದೆ."

ವೈದ್ಯೆ ಬೇರೆ ಸೂಜಿ ಚುಚ್ಚಿದರು, ಎದೆಬಡಿತ ಆಲಿಸಿದರು. ದೊರೆ ಅವಳ ಅಂಗೈಯನ್ನು ಒಮ್ಮೆ ನೆಕ್ಕಿ ಅಲ್ಲೇ ಮೇಜಿನ ಮೇಲೆ ಸತ್ತುಹೋದ.

ಮರುದಿನ ಅಂಗಡಿಗೆ ಬಂದವರಿಗೆಲ್ಲ ಅವಳು ಅಳುತ್ತಾ ಹೇಳಿದ್ದು ಒಂದೇ ಕಥೆ: ತಮ್ಮ ಕಣಗಿಲೆ ಅರೆದು ಬ್ರೆಡ್ಡಿಗೆ ಸವರಿ ಹಾಕಿದ. ವಿಷ ಅಂತ ಅವನೇ ಬಾಯಿಬಿಟ್ಟು ಹೇಳಿದ್ದನಲ್ಲ, ಬ್ರೆಡ್ಡು ಎಸೆಯುತ್ತಿದ್ದದ್ದನ್ನೂ ಬೀದಿಯೇ ಕಂಡಿದೆಯಲ್ಲ. ನಂಬುವವರು ನಂಬಿದರು. ಹಾಲಿನವನು ತಮ್ಮನನ್ನು ಮಾತಾಡಿಸುವುದು ಬಿಟ್ಟ. ತಮ್ಮನ ವೆಲ್ಡಿಂಗ್ ಶೆಡ್ಡಿನ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಕೊಲೆಗಾರ ಎಂದು ಗೀಚಿದರು.

ತಮ್ಮ ಒಂದೇ ಒಂದು ಸಲ ಗೋಡೆಯ ಬಳಿ ಬಂದ. ಕಣ್ಣು ಕೆಂಪಾಗಿದ್ದವು. ಅವಳ ಹಿತ್ತಲಲ್ಲಿ ಬಾಡಿ ಬಿದ್ದಿದ್ದ ಕೊಂಬೆಗಳ ರಾಶಿಯನ್ನು ದಿಟ್ಟಿಸಿದ.

"ಕಡಿದಿದ್ದು ನೀನು. ನಾನು ಹೇಳಿರ್ಲಿಲ್ವಾ ಅಕ್ಕಾ?"

"ನೆಟ್ಟಿದ್ದು ನೀನು," ಎಂದಳು ಅವಳು. "ನನ್ನ ಕಣ್ಣಿಗೆ ಕಾಣಿಸ್ಬೇಡ, ಹೋಗು."

ಅವನು ಹೋದ. ಆಮೇಲೆ ಅವಳು ಆ ರಾಶಿಯನ್ನು ಗೋಣಿಚೀಲಕ್ಕೆ ತುರುಕಿ ಕಸದ ಗಾಡಿಗೆ ಹಾಕಿದಳು. ಕೈ ಎಷ್ಟು ತೊಳೆದರೂ ಸಾಲದೆನಿಸಿತು.

ವಾರದೊಳಗೆ ತಮ್ಮನ ಮಗಳು ಅಂಗಡಿಗೆ ಬಂದಳು. ಶಾಲೆಯ ಅಂಗಿಗೆ ಬಿಳಿ ಗುಂಡಿ ಬೇಕಿತ್ತು. ಗುಂಡಿ ಆರಿಸಿದವಳು ಹೊರಡದೆ ನಿಂತಳು.

"ಅತ್ತೆ, ಅಪ್ಪ ದೊರೆಗೆ ವಿಷ ಹಾಕಿದ್ದು ನಿಜಾನಾ? ನೀವು ಹೇಳಿ. ನೀವು ಹೇಳಿದ್ರೆ ನಂಬ್ತೀನಿ."

ಮಗುವಿನ ಮುಖದಲ್ಲಿ ಅಜ್ಜನದೇ ಅಗಲ ಹಣೆ, ತಮ್ಮನದೇ ಮೊಂಡು ಗದ್ದ. ಇಲ್ಲ ಎಂಬ ಎರಡಕ್ಷರ ಗಂಟಲವರೆಗೂ ಬಂತು. ಬಾಗಿಲಲ್ಲಿ ಹಾಲಿನವನ ಹೆಂಡತಿ ದಾರದುಂಡೆ ಹಿಡಿದು ಕಿವಿಗೊಟ್ಟು ನಿಂತಿದ್ದಳು.

"ಹೂಂ," ಎಂದಳು ಬಟನ್ ಅಕ್ಕ.

ಹುಡುಗಿ ಗುಂಡಿಗಳನ್ನು ಗಾಜಿನ ಪೆಟ್ಟಿಗೆಯ ಮೇಲೆ ಒಂದೊಂದಾಗಿ ಬಿಟ್ಟು ಹೊರಟುಹೋದಳು. ಆ ಸಂಜೆ ಆಚೆ ಮನೆಯಲ್ಲಿ ಅಪ್ಪ ಮಗಳ ಕೂಗಾಟ ಕೇಳಿಸಿತು. ಕೊನೆಗೆ ಬಾಗಿಲು ದಢಾರನೆ ಬಡಿದುಕೊಂಡಿತು.

ಮರುದಿನ ತಮ್ಮ ಕಣಗಿಲೆಯನ್ನು ಬೇರುಸಹಿತ ಕಿತ್ತ. ಜಾಗ ಖಾಲಿಯಾದಾಗ ಅವನು ಅವಳತ್ತ ತಿರುಗಿಯೂ ನೋಡಲಿಲ್ಲ. ಕಬ್ಬಿಣದ ತಗಡು ತಂದು ಗೋಡೆಯ ಮೇಲೆ ಆಳೆತ್ತರಕ್ಕೆ ನಿಲ್ಲಿಸಿ, ಕಿಡಿ ಹಾರಿಸುತ್ತಾ ಒಂದಕ್ಕೊಂದು ಬೆಸೆದ. ಅವಳು ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಅವನ ತಲೆ ತಗಡಿನ ಹಿಂದೆ ಮರೆಯಾಗುವವರೆಗೂ ನೋಡಿದಳು. ಆಮೇಲೆ ಯಾರೋ ಅಂಗಡಿಯಲ್ಲಿ ಕರೆದರು. ಕರಿ ದಾರ ಬೇಕಂತೆ. ಅವಳು ಮುಖ ಒರೆಸಿಕೊಂಡು ಹೋಗಿ ಕೊಟ್ಟಳು.