ನಿರ್ವಾಹಕರ ಅನುಮತಿ

ನಮ್ಮ ಮನೆಯ ಕಂಪ್ಯೂಟರಿಗೆ ಅಪ್ಪ ಯಜಮಾನನಾದದ್ದು ಒಂದೇ ಒಂದು ಪದದ ದೆಸೆಯಿಂದ. ಅದನ್ನು ತಂದ ದಿನ ಪರದೆಯ ಮೇಲೆ ಕನ್ನಡವೇ ಬರಬೇಕೆಂದು ಅಮ್ಮ ಪಟ್ಟು ಹಿಡಿದಳು. ಜೋಡಿಸಲು ಬಂದಿದ್ದ ಅಂಗಡಿಯವನು ಹಾಗೇ ಮಾಡಿಕೊಟ್ಟು, ಇದಕ್ಕೆ ನಿರ್ವಾಹಕರು ಯಾರಾಗ್ತೀರಿ ಎಂದು ಕೇಳಿದ. ಅಪ್ಪ ಆಗ ಸಿಟಿ ಬಸ್ಸಿನ ನಿರ್ವಾಹಕ. ಅವನ ಅಂಗಿಯ ಜೇಬಿನ ಮೇಲೆ ಅದೇ ಪದವನ್ನು ಅಮ್ಮನೇ ಕೆಂಪು ದಾರದಲ್ಲಿ ಹೊಲಿದಿದ್ದಳು. ಅವನು ಜೇಬು ತಟ್ಟಿ ತೋರಿಸಿ, ಇದರಲ್ಲಿ ಕೇಳೋದೇನಿದೆ ಎಂದು ಕುರ್ಚಿ ಎಳೆದುಕೊಂಡು ಕೂತ. ಪಾಸ್‌ವರ್ಡ್ ಹಾಕುವಾಗ ನಮ್ಮನ್ನೆಲ್ಲ ಗೋಡೆಯ ಕಡೆ ತಿರುಗಿಸಿದ. ಅಂಗಡಿಯವನೂ ತಿರುಗಿದ.

ಆಮೇಲೆ ಬಸ್ಸಿನ ಕೆಲಸದಿಂದ ನಿವೃತ್ತನಾದ, ಈ ಕೆಲಸದಿಂದ ಆಗಲಿಲ್ಲ. ಅಮ್ಮ ಹೊಸದೊಂದು ಅಕ್ಷರಶೈಲಿ ಹಾಕಿಕೊಳ್ಳಲು ಹೋದರೂ ಪರದೆ ಮಂಕಾಗಿ 'ಮುಂದುವರಿಯಲು ನಿರ್ವಾಹಕರ ಅನುಮತಿ ಬೇಕು' ಎನ್ನುತ್ತಿತ್ತು. ಅಮ್ಮ ಕೂಗುವಳು. ಅಪ್ಪ ಗಡ್ಡ ಬೋಳಿಸಿಕೊಳ್ಳುತ್ತಿದ್ದರೂ ಸೋಪಿನ ಮುಖದಲ್ಲೇ ಬಂದು, "ಆ ಕಡೆ ತಿರುಗು" ಎಂದು, ಒಂದೇ ಬೆರಳಲ್ಲಿ ಕುಟ್ಟಿ, 'ಹೌದು' ಒತ್ತಿ, "ರೈಟ್" ಎಂದು ಹೊರಟುಹೋಗುವನು. ದುಡಿಯುವವಳು ಅಮ್ಮ, ಅನುಮತಿ ಕೊಡುವವನು ಅಪ್ಪ. ನನಗಂತೂ ನೋಡಿ ನೋಡಿ ಮೈ ಉರಿಯುತ್ತಿತ್ತು. ಅಮ್ಮನಿಗೆ ಉರಿಯುತ್ತಿರಲಿಲ್ಲ ಅನ್ನುವುದಕ್ಕೆ ಇನ್ನಷ್ಟು ಉರಿಯುತ್ತಿತ್ತು.

ಅಮ್ಮನದು ಕಸೂತಿ ಯಂತ್ರದ ಕೆಲಸ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ದಾರದ ಉಂಡೆಗಳು, ನಡುವೆ ಯಂತ್ರ, ಮೂಲೆಯಲ್ಲಿ ಕಂಪ್ಯೂಟರ್. ಶಾಲೆ, ಆಸ್ಪತ್ರೆ, ಹೋಟೆಲುಗಳ ಸಮವಸ್ತ್ರದ ಜೇಬುಗಳ ಮೇಲೆ ಹೆಸರು ಹೊಲಿಯುತ್ತ ಅವಳ ಅರ್ಧ ಆಯುಸ್ಸು ಕಳೆದಿದೆ. ಊರಿನವರ ಹೆಸರೆಲ್ಲ ಹೊಲಿದಳು, ಅವಳ ಹೆಸರು ಎಲ್ಲೂ ಇಲ್ಲ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮಾತ್ರ ಕಸೂತಿ ತಂತ್ರಾಂಶ ತೆರೆದು ಹಕ್ಕಿ ಬಿಡಿಸುತ್ತಿದ್ದಳು. ಒಂದು ರೆಕ್ಕೆಗೆ ಒಂದು ವಾರ ಹಿಡಿದದ್ದೂ ಉಂಟು. ನಾವ್ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಅಮ್ಮನಿಗೆ ಹೊತ್ತು ಹೋಗಬೇಕಲ್ಲ, ಬಿಡಿಸಿಕೊಳ್ಳಲಿ ಎಂದುಕೊಂಡಿದ್ದೆವು.

ಹೀಗಿರುವಾಗ ನಾಟಕಮಂದಿರದ ಮೇಲ್ವಿಚಾರಕಿ ಬಾಗಿಲು ಕಾಯುವವರ ಅಂಗಿಗೆ ಹೆಸರು ಹಾಕಿಸಲು ಬಂದವಳು, ಪರದೆಯ ಮೇಲೆ ಅರ್ಧ ರೆಕ್ಕೆ ಬಿಚ್ಚಿ ನಿಂತಿದ್ದ ಕೊಕ್ಕರೆಯನ್ನು ನೋಡಿ ಬಂದ ಕೆಲಸವನ್ನೇ ಮರೆತಳು. ಅವರ ರಂಗಕ್ಕೆ ಹೊಸ ಪರದೆ ಬೇಕಿತ್ತು. ಶನಿವಾರ ಸಂಜೆ ಬರ್ತೀನಿ, ಎಲ್ಲ ಹಕ್ಕಿಗಳನ್ನೂ ತೋರಿಸಿ, ಒಪ್ಪಿದರೆ ಪರದೆಯ ತುಂಬ ನಿಮ್ಮವೇ ಎಂದಳು. ಆ ರಾತ್ರಿ ಅಮ್ಮ ಊಟಕ್ಕೆ ಕೂತವಳು ತಟ್ಟೆ ಮುಟ್ಟದೆ ನನ್ನನ್ನು ನೋಡಿದಳು.

"ನಾನು ಬಿಡಿಸಿದ್ದನ್ನ ಯಾರೋ ಕೇಳ್ಕೊಂಡು ಬರ್ತಿರೋದು ಇದೇ ಮೊದಲು ಕಣೇ," ಎಂದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಹಳೇ ಕಂಪ್ಯೂಟರಿನ ಪರದೆಗೆ ಹಸಿರು ಗೆರೆ ಬಿದ್ದು ಗಿಳಿಗೂ ಗೂಬೆಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಹೊಸದನ್ನು ತರಿಸಿದೆವು. ಹಳೆಯದನ್ನು ಬದಲಿಗೆ ಒಯ್ಯಲು ಅಂಗಡಿಯ ವ್ಯಾನು ಶನಿವಾರ ಮಧ್ಯಾಹ್ನ ಬರುವುದೆಂದಾಯಿತು. ನಡುವೆ ಇದ್ದ ಕೆಲಸ ಒಂದೇ, ಹಕ್ಕಿಗಳನ್ನೆಲ್ಲ ಒಂದು ಜಿಪ್ ಕಡತವಾಗಿ ಗಂಟು ಕಟ್ಟಿ ಇತ್ತ ಸಾಗಿಸುವುದು. ನಾನು ಆಸ್ಪತ್ರೆಯ ದಾಖಲೆ ವಿಭಾಗದವಳು, ಕಡತ ಕಟ್ಟಿಡುವುದೇ ನನ್ನ ಹೊಟ್ಟೆಪಾಡು. ಇದು ನನ್ನ ಎಡಗೈ ಕೆಲಸ ಎಂದು ಜಂಬದಿಂದಲೇ ಕೂತೆ.

ಅಮ್ಮನ ಕಸೂತಿ ತಂತ್ರಾಂಶ ಓಬೀರಾಯನ ಕಾಲದ್ದು. ಬಿಡಿಸಿದ್ದನ್ನೆಲ್ಲ ಅದು ತಾನಿರುವ ಫೋಲ್ಡರಿನಲ್ಲೇ ಇಡುತ್ತೇನೆಂದು ಹೇಳುತ್ತದೆ. ಆ ಫೋಲ್ಡರ್ ಇರುವುದು ತಂತ್ರಾಂಶಗಳನ್ನೆಲ್ಲ ಕೂಡಿಡುವ ಜಾಗದಲ್ಲಿ, ವಿಂಡೋಸ್ ಕಾವಲು ಹಾಕಿಕೊಂಡು ಕೂತಿರುವ ಕೋಣೆಯಲ್ಲಿ. ಅಲ್ಲೇ ಜಿಪ್ ಮಾಡಲು ಹೋದೆ. ಪ್ರವೇಶ ನಿರಾಕರಿಸಲಾಗಿದೆ ಎಂದಿತು. ಜಿಪ್ ಮಾಡುವ ತಂತ್ರಾಂಶದ ಮೇಲೆ ಬಲಗುಂಡಿ ಒತ್ತಿ 'ನಿರ್ವಾಹಕರಾಗಿ ರನ್ ಮಾಡಿ' ಎಂಬುದನ್ನು ಆರಿಸಿದೆ. ಪರದೆ ಮಂಕಾಯಿತು.

ಅಪ್ಪನನ್ನು ಕರೆಯದೆ ಗತಿಯಿರಲಿಲ್ಲ. ಬಂದ, ತಿರುಗಿಸಿದ, ಕುಟ್ಟಿದ, ರೈಟ್ ಅಂದ. ಗಂಟು ಕಟ್ಟಿಕೊಂಡಿತು. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳುವಷ್ಟರಲ್ಲಿ ವ್ಯಾನು ಬಾಗಿಲಿಗೆ ಬಂದಿತ್ತು. ಅಂಗಡಿಯವನು ಹಳೇ ಪೆಟ್ಟಿಗೆಯನ್ನು ಹೊತ್ತುಕೊಂಡು ಹೊರಟ. ಅಮ್ಮ ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಬೀಳ್ಕೊಟ್ಟಳು.

ನಾನು ಹೊಸದರಲ್ಲಿ ಗಂಟು ಬಿಚ್ಚಿದೆ. ಒಂದು ಬಾತುಕೋಳಿ ಬಂತು, ಒಂದು ಲಂಗರು ಬಂತು, ಒಂದು ಗುಲಾಬಿ ಬಂತು. ತಂತ್ರಾಂಶದ ಜೊತೆ ಮಾದರಿಗೆಂದು ಬಂದಿದ್ದ ಚಿತ್ರಗಳು ಅವು. ಕೊಕ್ಕರೆ ಇಲ್ಲ, ಗೂಬೆ ಇಲ್ಲ, ಅಮ್ಮನ ಒಂದು ಪುಕ್ಕವೂ ಇಲ್ಲ.

ಅಮ್ಮ ಬಾತುಕೋಳಿಯನ್ನೇ ನೋಡುತ್ತಿದ್ದಳು. "ಇದು ನಂದಲ್ಲ," ಎಂದಳು ಅಷ್ಟೇ.

ನಾನು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದೆ. ವ್ಯಾನು ಬೀದಿಯ ಕೊನೆಯ ತಿರುವಿಗೆ ಮುಟ್ಟಿತ್ತು. ಕೂಗಿದರೆ ಕೇಳುವ ದೂರವಲ್ಲ. ಆಗ ನನ್ನ ಬೆನ್ನ ಹಿಂದಿನಿಂದ ಒಂದು ಸೀಟಿ ಬಂತು ನೋಡಿ, ಕಿವಿಯ ತಮಟೆ ಹರಿಯುವಂಥದ್ದು. ಅಪ್ಪ ಹೊಸ್ತಿಲ ಮೇಲೆ ನಿಂತು ಎರಡು ಬೆರಳು ಬಾಯಿಗಿಟ್ಟುಕೊಂಡಿದ್ದ. ಒಂದು ಸೀಟಿಯೆಂದರೆ ನಿಲ್ಲು, ಎರಡೆಂದರೆ ಹೊರಡು. ಬಸ್ಸು ಹತ್ತಿ ಬೆಳೆದವರ ಮೈಗೆ ಇದು ಅಂಟಿಕೊಂಡಿರುತ್ತದೆ. ವ್ಯಾನು ಗಕ್ಕನೆ ನಿಂತಿತು. ಅದರ ಹಿಂದೆ ಬರುತ್ತಿದ್ದ ಸೈಕಲ್ಲೂ ನಿಂತಿತು, ಪಕ್ಕದ ಮನೆಯಾಕೆ ಬಟ್ಟೆ ಹಿಂಡುತ್ತಿದ್ದವಳು ಹಿಂಡುವುದನ್ನು ನಿಲ್ಲಿಸಿದಳು.

ಪೆಟ್ಟಿಗೆ ಮತ್ತೆ ಮೂಲೆಗೆ ಬಂತು. ಅಂಗಡಿಯವನು ತಲೆ ಕೆರೆದುಕೊಳ್ಳುತ್ತ ಹೊಸ್ತಿಲಲ್ಲಿ ಕಾದ. ಈ ಸಲ ಕಸೂತಿ ತಂತ್ರಾಂಶವನ್ನೇ ನಿರ್ವಾಹಕರಾಗಿ ತೆರೆದುಬಿಡೋಣ, ಆಗ ಬಚ್ಚಿಟ್ಟದ್ದೂ ಕಾಣುತ್ತದೆ ಎಂದೆ. ಅಪ್ಪ ಕುಟ್ಟಿದ. ರೈಟ್ ಅನ್ನಲು ಅವನಿಗೆ ಧೈರ್ಯವಾಗಲಿಲ್ಲ. ತೆರೆಯಿತು. ಬಾತುಕೋಳಿ, ಲಂಗರು, ಗುಲಾಬಿ.

"ನನ್ನ ಕೈಯಿಂದಲೇ ಹಾಳಾಯ್ತಾ?" ಎಂದು ಅಪ್ಪ ಕೇಳಿದ. ಜೀವಮಾನವೆಲ್ಲ ತುಂಬಿದ ಬಸ್ಸಿನಲ್ಲಿ ಹಿಂದೆ ಸರೀರಿ, ಮುಂದೆ ಹೋಗಿ ಎಂದು ಗದರಿದ ಮನುಷ್ಯ. ಅವನ ಮುಖ ನೋಡಲಾಗಲಿಲ್ಲ. ಅಷ್ಟು ವರ್ಷ ಅವನ ಮೇಲೆ ಉರಿದುಕೊಂಡಿದ್ದ ನನಗೇ ಅಯ್ಯೋ ಅನ್ನಿಸಿತು.

ಅಮ್ಮ ಅಳಲಿಲ್ಲ. ನನ್ನ ಭುಜ ಹಿಡಿದು ಎಬ್ಬಿಸಿದಳು. "ನೀವಿಬ್ಬರೂ ಸ್ವಲ್ಪ ಏಳಿ. ನಾನು ದಿನಾ ತೆಗೆಯೋ ಹಾಗೆ ತೆಗೆದು ನೋಡ್ತೀನಿ," ಎಂದು ಎಲ್ಲವನ್ನೂ ಮುಚ್ಚಿ, ಕಸೂತಿ ತಂತ್ರಾಂಶದ ದಾರದುಂಡೆಯ ಚಿತ್ರದ ಮೇಲೆ ಸುಮ್ಮನೆ ಎರಡು ಸಲ ಒತ್ತಿದಳು. ಯಾರ ಅನುಮತಿಯೂ ಇಲ್ಲ, ಮಂಕೂ ಇಲ್ಲ.

ಕೊಕ್ಕರೆ ಬಂತು. ಅದರ ಹಿಂದೆ ಗೂಬೆ, ಗಿಳಿ, ಗುಬ್ಬಚ್ಚಿಗಳ ಹಿಂಡು, ಹಸಿರು ಗೆರೆಗಳ ನಡುವಿನಿಂದ ಒಂದೊಂದಾಗಿ ಇಣುಕಿದವು. ಅಂಗಡಿಯವನೂ ಒಳಗೆ ಬಂದು ಬಗ್ಗಿ ನೋಡಿದ.

ಆಗ ನನ್ನ ಬುದ್ಧಿಗೆ ಬೆಳಕು ಬಿತ್ತು. ಕಾವಲಿನ ಕೋಣೆಯೊಳಗೆ ಏನನ್ನೂ ಇಡಲು ಅಮ್ಮನಿಗೆ ಹಕ್ಕಿರಲಿಲ್ಲ. ಆದರೆ ಹಳೇ ತಂತ್ರಾಂಶಕ್ಕೆ ಅದನ್ನು ಹೇಳಿದರೆ ಅದು ಮುನಿಸಿಕೊಂಡು ನಿಂತೇಬಿಡುತ್ತದೆ. ಅದಕ್ಕೇ ವಿಂಡೋಸ್ ಇಲ್ಲ ಅನ್ನದೆ, ಅಮ್ಮ ಕೊಟ್ಟ ಹಕ್ಕಿಗಳನ್ನೆಲ್ಲ ಈಸಿಕೊಂಡು, ಅವಳದೇ ಹೆಸರಿನ ಒಂದು ಮರೆಯ ಫೋಲ್ಡರಿನಲ್ಲಿ ಜೋಪಾನ ಮಾಡಿತ್ತು. ಅಮ್ಮ ಅಮ್ಮನಾಗಿ ಬಂದರೆ ತೆಗೆದು ತೋರಿಸುತ್ತದೆ. ನಿರ್ವಾಹಕರಾಗಿ ಯಾರೇ ಬಂದರೂ ಅವರಿಗೆ ಕಾಣುವುದು ಕೋಣೆಯಲ್ಲಿ ನಿಜವಾಗಿ ಇರುವ ಬಾತುಕೋಳಿ ಮಾತ್ರ.

ಇದನ್ನು ಬಿಡಿಸಿ ಹೇಳಿದೆ. ಅಂದರೆ ನಾನು ಹತ್ತಿದ ಕೂಡಲೇ ಬಸ್ಸು ಖಾಲಿಯಾಗುತ್ತೆ ಅನ್ನು, ಎಂದ ಅಪ್ಪ. ಅಮ್ಮ ನಕ್ಕಳು. ಬಾತುಕೋಳಿ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ನನಗೆ ಹೋದ ಜೀವ ಬಂದಂತಾಯಿತು.

ಆ ಮರೆಯ ಫೋಲ್ಡರನ್ನು ಹುಡುಕಿ ಜಿಪ್ ಮಾಡಿದೆ. ಅಮ್ಮನ ವಸ್ತು, ಅಮ್ಮನ ಜಾಗ. ಪರದೆ ಯಾರನ್ನೂ ಏನೂ ಕೇಳಲಿಲ್ಲ. ಹೊಸದರಲ್ಲಿ ಬಿಚ್ಚಿ, ಒಂದೊಂದು ಹಕ್ಕಿಯನ್ನೂ ಅಮ್ಮನಿಂದ ಗುರುತು ಹಿಡಿಸಿ, ಆಮೇಲೇ ಪೆಟ್ಟಿಗೆಯನ್ನು ಅಂಗಡಿಯವನ ಕೈಗೆ ಕೊಟ್ಟೆ. ಅಪ್ಪ ಎರಡು ಸೀಟಿ ಹೊಡೆದ ಮೇಲೆಯೇ ಅವನು ವ್ಯಾನು ತೆಗೆದದ್ದು.

ಹೊಸ ಕಂಪ್ಯೂಟರಿಗೂ ಬೆಳಿಗ್ಗೆ ಅಭ್ಯಾಸಬಲದಿಂದ ಅಪ್ಪನನ್ನೇ ನಿರ್ವಾಹಕ ಮಾಡಿದ್ದೆ. ಅವನು ಬಂದು ಕೂತು, ನಿರ್ವಾಹಕರ ಹೆಸರು ಬದಲಾಯಿಸೋದು ಎಲ್ಲಿ ತೋರಿಸು ಎಂದ. ತೋರಿಸಿ, ಅವನು ಹೇಳುವ ಮೊದಲೇ ಗೋಡೆಯ ಕಡೆ ತಿರುಗಿದೆ. ಅವನು ಕೊನೆಯ ಸಲ ಕುಟ್ಟುವ ಸದ್ದು ಕೇಳಿಸಿತು. ಆಮೇಲೆ ಹೊಸ ಪಾಸ್‌ವರ್ಡ್ ಹಾಕಿಕೊಳ್ಳಲು ಅಮ್ಮನನ್ನು ಕೂರಿಸಿ ತಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದ. ಪಾತ್ರೆಗಳ ಸದ್ದು ಸ್ವಲ್ಪ ಜಾಸ್ತಿಯೇ ಇತ್ತು.

ಸಂಜೆ ಮೇಲ್ವಿಚಾರಕಿ ಬಂದಳು. ಒಂದೊಂದು ಹಕ್ಕಿಗೂ ಅವಳ ಕುರ್ಚಿ ಪರದೆಯ ಹತ್ತಿರ ಸರಿಯುತ್ತ ಹೋಯಿತು. ಮುಗಿದ ಮೇಲೆ ಚೀಲದಿಂದ ಪೆನ್‌ಡ್ರೈವ್ ತೆಗೆದಳು. ರಂಗದ ಅಳತೆಗೆ ಚಿತ್ರ ಕೂರಿಸಿ ತೋರಿಸುವ ತಂತ್ರಾಂಶ ಅದರಲ್ಲಿದೆ, ಹಾಕಿ ನೋಡೋಣ, ಇವೆಲ್ಲ ಹಾರಿದರೆ ಹೇಗಿರುತ್ತೆ ಅಂತ ಈಗಲೇ ನೋಡಬೇಕು ಎಂದಳು. ಹಾಕಿದೆ. ಪರದೆ ಮಂಕಾಯಿತು. ಮುಂದುವರಿಯಲು ನಿರ್ವಾಹಕರ ಅನುಮತಿ ಬೇಕು.

ನಾನು ಅಪ್ಪನನ್ನು ನೋಡಿದೆ. ನನ್ನನ್ನು ನೋಡಿ ಮೇಲ್ವಿಚಾರಕಿಯೂ ಅವನನ್ನೇ ನೋಡಿದಳು. ಅವನು ಅರ್ಧ ಎದ್ದಿದ್ದವನು ಮತ್ತೆ ಕೂತ.

"ನನ್ನನ್ನೇನು ನೋಡ್ತೀರಾ?" ಎಂದ. "ನಿರ್ವಾಹಕರು ಅಲ್ಲಿ ಕೂತಿದ್ದಾರೆ."

ಅಮ್ಮ ಬೆರಳಿಗೆ ಅಂಟಿದ್ದ ಕೆಂಪು ದಾರದ ಎಳೆಯನ್ನು ಬಿಡಿಸಿ ಮೇಜಿನ ಮೇಲಿಟ್ಟಳು. ಕೀಲಿಮಣೆಯನ್ನು ಹತ್ತಿರಕ್ಕೆಳೆದುಕೊಂಡಳು. ಒಂದು ಕೈ ಅಡ್ಡ ಹಿಡಿದು, ಇನ್ನೊಂದರ ತೋರುಬೆರಳನ್ನು ಎತ್ತಿದವಳು ಅಲ್ಲಿಗೇ ನಿಲ್ಲಿಸಿ ಅಪ್ಪನ ಕಡೆ ನೋಡಿದಳು.

"ಸ್ವಲ್ಪ ಆ ಕಡೆ ತಿರುಗ್ತೀರಾ?"

ಅಪ್ಪ ತಿರುಗಿದ. ಅಮ್ಮ ಕುಟ್ಟಿ ಮುಗಿಸಿ 'ಹೌದು' ಒತ್ತಿದ್ದು ಅವನಿಗೆ ಕೇಳಿಸಿರಬೇಕು. ಗೋಡೆಗೆ ಮುಖ ಮಾಡಿಕೊಂಡೇ ಅವನು ಮೆಲ್ಲಗೆ ಎರಡು ಸೀಟಿ ಹೊಡೆದ.