ಸ್ತೋತ್ರದ ಕೋಳಿ

ಕೋಳಿ ತನ್ನನ್ನೇ ನೋಡುತ್ತಿದೆ ಅನ್ನಿಸಿತು ಪುಷ್ಪಾಳಿಗೆ, ಒಂದೇ ಕಣ್ಣಿನಲ್ಲಿ, ಇನ್ನೊಂದು ಕಣ್ಣು ಅತ್ತೆಯ ಸೆರಗಿನ ಮರೆಯಲ್ಲಿದೆ, ಕಾಲಿಗೆ ಬಾಳೆನಾರು, ಈಗಷ್ಟೇ ಮೊಟ್ಟೆಗೆ ಬಂದ ಕೆಂಚು ಹೇಂಟೆ, ಮೊದಲ ಫಲ ದೇವರದು ಅಂತ ಅತ್ತೆ ದೊಡ್ಡತಾಯಮ್ಮ ಮಾರದೆ ಕೊಯ್ಯದೆ ಇಟ್ಟುಕೊಂಡದ್ದು — ಇವತ್ತು ಕೊಯ್ಲಿನ ಹಬ್ಬ, ಹ್ಯಾಂಡ್‌ಪೋಸ್ಟ್ ಊರಿನ ಈ ಪುಟ್ಟ ಚರ್ಚಿನ ಮುಂದುಗಡೆ ರಾಗಿತೆನೆ, ಕುಂಬಳಕಾಯಿ, ಗೆಣಸು ರಾಶಿ ಬಿದ್ದಿವೆ, ಮೊದಲು ಸಾಕ್ಷಿ, ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳುವುದು, ಆಮೇಲೆ ಒಂದೊಂದನ್ನೇ ಎತ್ತಿಹಿಡಿದು ಹರಾಜು ಕೂಗುತ್ತಾರೆ, ಕೋಳಿಯನ್ನೂ ಕೂಗುತ್ತಾರೆ, ಸಾಕ್ಷಿ ಹೇಳಬೇಕಾದವಳು ತಾನೇ. ಫೋನು ಬಂದದ್ದು ಹೊರಗೆ ಚಪ್ಪಲಿ ಬಿಡುವಾಗ, ಮೈಸೂರಿನ ಆಸ್ಪತ್ರೆಯಿಂದ, ಮೈದುನ ರಘು, ಅತ್ತಿಗೆ, ಅಣ್ಣ ಹೋಗ್ಬುಟ್ಟ, ಅವ್ವಂಗೆ ಈಗ್ಲೇ ಹೇಳ್ಬ್ಯಾಡಿ, ಎದೆ ಒಡ್ಕತಾಳೆ, ನಾನೇ ಕರ್ಕಂಡ್ ಬತ್ತೀನಿ. ಕರ್ಕಂಡ್ ಬತ್ತೀನಿ ಅಂದ, ಅಣ್ಣನನ್ನು ಬಸ್ಸು ಹತ್ತಿಸಿಕೊಂಡು ಬರುವವನ ಹಾಗೆ. ಹೂಂ ಅಂದಳು, ಫೋನನ್ನು ರವಿಕೆಗೆ ಸೇರಿಸಿದಳು, ಒಳಗೆ ಬಂದು ಜಮಖಾನದ ಮೇಲೆ ಅತ್ತೆಯ ಪಕ್ಕ ಕೂತಳು. ಸುತ್ತಲೂ ಹಾಡುತ್ತಿದ್ದಾರೆ, ಅವಳ ಬಾಯಿಯೂ ಹಾಡುತ್ತಿದೆ.

ಏನಾದರೂ ದೇವರಿಗೆ ಸ್ತೋತ್ರ ಹೇಳುವುದನ್ನು ಮನೆಯಲ್ಲಿ ಕಲಿಸಿದವಳೇ ಅತ್ತೆ, ಹಲ್ಲುನೋವಿಗೆ ಸ್ತೋತ್ರ, ಹಾಲು ಒಡೆದರೆ ಸ್ತೋತ್ರ, ಹುಲ್ಲುಮೆದೆಗೆ ಬೆಂಕಿ ಬಿದ್ದ ದಿನ ಊರೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದರೆ ಇವಳು ಅಂಗಳದಲ್ಲಿ ಮಂಡಿಯೂರಿ, ಮನೆ ಉಳೀತಲ್ಲಪ್ಪಾ ಸ್ತೋತ್ರ, ಗಂಡ ಕರುಣಾಕರ ನಗುತ್ತಿದ್ದ, ನಮ್ಮವ್ವ ಚೇಳು ಕುಟುಕಿದ್ರೂ ಹಾವಲ್ವಲ್ಲ ಅಂತ ಸ್ತೋತ್ರ ಹೇಳ್ತಾಳೆ ಕಣೆ ಪುಷ್ಪಾ — ನಗುವಾಗ ಅವನ ಬಲಗೆನ್ನೆ ಮಾತ್ರ ಗುಳಿ ಬೀಳುತ್ತಿತ್ತು, ಕೊಡಗಿನ ಕುಟ್ಟದ ಕಡೆ ಕಾಫಿ ಕೀಳಲು ಆಳು ತುಂಬಿಕೊಂಡು ಹೋಗುತ್ತಿದ್ದ ಜೀಪು ತಿರುವಿನಲ್ಲಿ ಮಗುಚಿದಾಗ ಆ ಬಲಗೆನ್ನೆಯೇ ಜಜ್ಜಿಹೋಗಿದ್ದು. ಜೀವ ಐತಲ್ಲ, ಸ್ತೋತ್ರ, ಅಂದಳು ಅತ್ತೆ. ಪೈಪು ಹಾಕವ್ರಲ್ಲ, ಉಸ್ರಾಡ್ತಾ ಅವ್ನಲ್ಲ, ಸ್ತೋತ್ರ. ಆಮೇಲೆ ಅವನ ಹೆಬ್ಬೆರಳು ಅಲುಗಿತು, ಪುಷ್ಪಾ ಕಣ್ಣಾರೆ ಕಂಡಳು, ಡಾಕ್ಟರು ಅದನ್ನೇ ನೆಚ್ಚಬೇಡಿ ಅಂದರು, ಆದರೆ ಕೈಗೆ ಬರುವ ಮುಂಚೆಯೇ ಬಂತೆಂದು ನಂಬಿ ಸ್ತೋತ್ರ ಹೇಳುವುದೇ ಈ ಸಭೆಯ ರೂಢಿ, ಹೋದ ಭಾನುವಾರ ಇಲ್ಲೇ ಎದ್ದು ನಿಂತು ಹೇಳಿಬಿಟ್ಟಳು, ಕರ್ತರು ನನ್ನ ಯಜಮಾನರನ್ನು ಎಬ್ಬಿಸಿದರು, ಹಾಸಿಗೆ ಬಿಟ್ಟು ಏಳುತ್ತಾರೆ ಅನ್ನಲಿಲ್ಲ, ಎಬ್ಬಿಸಿದರು ಅಂದಳು, ಜನ ಚಪ್ಪಾಳೆ ತಟ್ಟಿದರು, ಎಳೆಮಕ್ಕಳ ತಾಯಂದಿರು ಬಂದು ಅವಳ ಕೈ ಮುಟ್ಟಿ ಹೋದರು. ಈಗ ಅದು ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ. ಸತ್ತ ಅಂದರೆ ಅತ್ತೆ ಇಲ್ಲೇ ಉರುಳುತ್ತಾಳೆ, ಇದ್ದಾನೆ ಅಂದರೆ ದೇವರೆದುರು ಸುಳ್ಳು — ಸುಳ್ಳಾದರೇನು, ಆ ದೇವರು ನನಗೆ ಮಾಡಿದ್ದು ಏನು, ಎಂಬ ಸಿಟ್ಟು ಹೊಟ್ಟೆಯಿಂದ ಎದ್ದು ಬಂತು, ಇಂಥ ಸಿಟ್ಟು ತನ್ನೊಳಗೆ ಇತ್ತೆಂದೇ ಅವಳಿಗೆ ಗೊತ್ತಿರಲಿಲ್ಲ, ಎಬ್ಬಿಸುವುದಿಲ್ಲವಾದರೆ ಆ ಬೆರಳನ್ನು ಯಾಕೆ ಅಲುಗಿಸಿದೆ, ಯಾರು ಕೇಳಿದ್ದರು ಬೆರಳನ್ನು.

ಹಾಡು ನಿಂತಿದೆ. ಚರ್ಚಿನ ಅಯ್ಯನವರು ಕನ್ನಡಕ ಸರಿಮಾಡಿಕೊಂಡು, ನಮ್ಮ ಸಹೋದರಿ ಪುಷ್ಪಾ ಅವರು ಸ್ತೋತ್ರದ ಕಾಣಿಕೆ ತಂದಿದ್ದಾರೆ, ಬನ್ನಿ ಅಮ್ಮ, ಹೇಳಿ ಅನ್ನುತ್ತಾರೆ, ಕತ್ತುಗಳೆಲ್ಲ ತಿರುಗುತ್ತವೆ, ಎಲ್ಲರ ಮುಖದಲ್ಲೂ ಸಂತೋಷ ಸಿದ್ಧವಾಗಿದೆ, ಹೊಟ್ಟೆನೋವು ಅನ್ನಲೇ, ಹೊರಗೆ ಓಡಲೇ, ಓಡಿದರೆ ಆಟೋ ಸ್ಟ್ಯಾಂಡು, ಅದರಾಚೆ ಮೈಸೂರಿನ ಬಸ್ಸು, ಅಲ್ಲಿ ಅವನು ಒಬ್ಬನೇ ಬಟ್ಟೆ ಹೊದ್ದು ಮಲಗಿದ್ದಾನೆ, ಹೊದಿಕೆ ಕಾಲಿಗೆ ಸಾಲುತ್ತಿರಲಿಲ್ಲ, ಉದ್ದನೆಯ ಮನುಷ್ಯ, ಮುಖಕ್ಕೆ ಎಳೆದರೆ ಪಾದ ಬಯಲು — ಅತ್ತೆಯ ಬಾಯಿ ಅವಳ ಕಿವಿಯ ಹತ್ತಿರ ಬಂದಿದೆ, ಎಲೆಅಡಿಕೆಯ ವಾಸನೆ, ದನಿ ಮಾತ್ರ ಅವಳದಲ್ಲ.

“ಬಾಗ್ಲತ್ರ ಫೋನ್ ಕಿವೀಗ್ ಇಟ್ಕಂಡಾಗ ನಿನ್ ಮಖ ನೋಡ್ದೆ ಕಣವ್ವ. ತಿಳೀತು. ದೇವ್ರು ಅವ್ನನ್ನ ಇಷ್ಟು ದಿನ ಕೊಟ್ಟಿದ್ನಲ್ಲ, ಅದ್ಕೇ ಹೇಳು. ಏಳು.”

ಅತ್ತೆಗೆ ತಿಳಿದಿತ್ತು, ಹಾಡಿನುದ್ದಕ್ಕೂ ತಿಳಿದೇ ಹಾಡಿದಳು, ತನಗಿಂತ ಗಟ್ಟಿಯಾಗಿ ಹಾಡಿದಳು, ಮಗ ಸತ್ತ ಗಳಿಗೆಯಲ್ಲೂ ಇವಳ ಗಂಟಲು ಕಟ್ಟಲಿಲ್ಲವಲ್ಲ, ಇವಳೇನು ಹೆಂಗಸೋ ಕಲ್ಲೋ, ಎಂದುಕೊಳ್ಳುತ್ತಲೇ ಪುಷ್ಪಾ ಎದ್ದು ನಿಂತಿದ್ದಳು, ಸ್ತೋ ಅಂದಳು, ಮುಂದಕ್ಕೆ ಬರಲಿಲ್ಲ, ಮತ್ತೆ ಸ್ತೋ, ಹೇಳಮ್ಮ ಹೇಳು ಎಂದು ಹಿಂದಿನಿಂದ ಯಾರೋ ಧೈರ್ಯ ಕೊಟ್ಟರು, ಅವಳು ಕೆಳಗೆ ನೋಡಿದಳು, ಅತ್ತೆಯ ಮುಖ ಅಯ್ಯನವರ ಕಡೆಗಿತ್ತು, ಶಾಂತವಾಗಿತ್ತು, ತುಟಿ ಸಣ್ಣಗೆ ಆಡುತ್ತಿತ್ತು, ಮಡಿಲಲ್ಲಿ ಎರಡು ಕೈ, ಗೆಣ್ಣು ಬೆಳ್ಳಗಾಗಿದ್ದ ಎರಡು ಕೈ, ಅವುಗಳ ನಡುವೆ ಕೋಳಿಯ ಕತ್ತು, ಕೊಕ್ಕು ತೆರೆದಿದೆ, ಕಣ್ಣ ಮೇಲೆ ಬಿಳಿಪೊರೆ ಎಳೆದಿದೆ, ಆದರೂ ಕೈ ಹಿಂಡುತ್ತಿವೆ, ಸ್ತೋತ್ರ ಅನ್ನುತ್ತಿವೆ ತುಟಿ, ಹಿಂಡುತ್ತಿವೆ ಕೈ, ಇನ್ನೂ ಹಿಂಡುತ್ತಿವೆ