ನೀಲಿ ಅಂಚು

ಅವಳ ನಿಜವಾದ ಹೆಸರು ಕೊರಳಿನ ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಹದಿನೆಂಟು ವರ್ಷದಿಂದ ಗೋಧಿಯ ತುಕ್ಕುರೋಗದ ಬೆನ್ನು ಹತ್ತಿದವಳನ್ನು ಇಡೀ ಸಂಶೋಧನಾಲಯ ತುಕ್ಕಮ್ಮ ಎಂದೇ ಕರೆಯುತ್ತಿತ್ತು. ಮೊದಮೊದಲು ಮುಖ ಗಂಟಿಕ್ಕುತ್ತಿದ್ದಳು. ಆಮೇಲಾಮೇಲೆ ಫೋನೆತ್ತಿ ತಾನೇ "ತುಕ್ಕಮ್ಮ ಮಾತಾಡ್ತಿರೋದು" ಅನ್ನುವಷ್ಟು ಒಗ್ಗಿಹೋಯಿತು.

ಅವಳ ಕೆಲಸವೆಂದರೆ, ಎಲೆ ಎಲ್ಲೆಲ್ಲಿ ಸತ್ತಿದೆ ಎಂದು ನೋಡುವುದು. ರೋಗ ತಡೆಯುವ ತಾಕತ್ತಿರುವ ಗಿಡ, ರೋಗ ಹೊಕ್ಕ ಜಾಗದ ಸುತ್ತ ತನ್ನದೇ ಜೀವಕೋಶಗಳನ್ನು ತಾನೇ ಕೊಂದುಕೊಳ್ಳುತ್ತದೆ. ತಿನ್ನಲು ಏನೂ ಸಿಗದೆ ರೋಗ ಅಲ್ಲೇ ಒಣಗುತ್ತದೆ. ತಾಕತ್ತಿಲ್ಲದ ಗಿಡದಲ್ಲಿ ಅದು ಎಲೆಯ ಅಂಚಿನವರೆಗೂ ಓಡುತ್ತದೆ. ಇದನ್ನು ಕಣ್ಣಿಂದ ಕಾಣಲು ಎಲೆಯನ್ನು ನೀಲಿ ಬಣ್ಣದಲ್ಲಿ ಕುದಿಸಿ ತೊಳೆಯುತ್ತಾರೆ. ಬದುಕಿರುವ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸತ್ತ ಕೋಶಕ್ಕೂ ರೋಗದ ಎಳೆಗಳಿಗೂ ಬಣ್ಣ ಹತ್ತುತ್ತದೆ. ನೀಲಿ ಒಂದು ಚುಕ್ಕೆಯಾಗಿ ನಿಂತರೆ ಗಿಡ ಗೆದ್ದಿತು, ಅಂಚಿಗೆ ಮುಟ್ಟಿದರೆ ಸೋತಿತು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಅರೆಗಳಿಗೆಯಲ್ಲಿ ಅವಳು ಗಿಡದ ಹಣೆಬರಹ ಹೇಳಿಬಿಡುತ್ತಿದ್ದಳು. ಅದರಲ್ಲಿ ಅವಳಿಗೆ ತುಸು ಜಂಬವೂ ಇತ್ತು, ಇಲ್ಲವೆಂದು ನಾನೇಕೆ ಸುಳ್ಳು ಹೇಳಲಿ.

ಅಂಥವಳ ನಾಲ್ಕು ವರ್ಷದ ಮಗಳು ಗುಬ್ಬಿಗೆ ಸ್ನಾನ ಮಾಡಿಸುವಾಗ ಎಡಪಕ್ಕೆಯ ಕೆಳಗೆ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಆಮೇಲಿನದೆಲ್ಲ ಬಿರುಗಾಳಿ. ಹದಿನಾರನೇ ದಿನಕ್ಕೆ ಮಕ್ಕಳ ಆಸ್ಪತ್ರೆಯ ಶಸ್ತ್ರಚಿಕಿತ್ಸಕಿ ಗಡ್ಡೆಯನ್ನೂ ಅದು ಹಿಡಿದಿದ್ದ ಎಡ ಮೂತ್ರಪಿಂಡವನ್ನೂ ಒಟ್ಟಿಗೆ ತೆಗೆದುಹಾಕಿದರು. ಐವತ್ತು ದಾಟಿದ ಆ ಡಾಕ್ಟರಮ್ಮ ಸುತ್ತು ಬಳಸಿ ಮಾತಾಡುವವರಲ್ಲ.

"ಪೂರ್ತಿ ಬಂದಿದೆ ಅಂತ ನನ್ನ ಕೈ ಹೇಳ್ತಿದೆ. ಆದ್ರೆ ಅಂಚಲ್ಲಿ ಏನೂ ಉಳಿದಿಲ್ಲ ಅಂತ ಲ್ಯಾಬ್ ಹೇಳ್ಬೇಕು. ಅಂಚು ಶುದ್ಧವಾಗಿದ್ರೆ ಸ್ವಲ್ಪ ದಿನ ಔಷಧಿ, ಆಮೇಲೆ ಮನೆ. ಇಲ್ಲಾಂದ್ರೆ ದಾರಿ ಉದ್ದ ಆಗುತ್ತೆ, ಕಷ್ಟದ್ದೂ ಆಗುತ್ತೆ. ಏಳನೇ ದಿನ ರಿಪೋರ್ಟ್ ಬರುತ್ತೆ."

ಈ ಡಾಕ್ಟರಮ್ಮನ ವಿಷಯದಲ್ಲಿ ವಾರ್ಡಿನ ತಾಯಂದಿರಿಗೆಲ್ಲ ಗೊತ್ತಿದ್ದ ಒಂದು ಗುಟ್ಟಿತ್ತು. ಕಾರಿಡಾರಿನ ಕೊನೆಯ ಸಣ್ಣ ಕೋಣೆಗೆ ಕರೆದು ಅವರು ರಿಪೋರ್ಟ್ ಹೇಳುತ್ತಿದ್ದರು. ಸುದ್ದಿ ಒಳ್ಳೆಯದಿದ್ದರೆ ನಿಂತೇ ಹೇಳಿ ಕಳಿಸುತ್ತಿದ್ದರು. ಕೆಟ್ಟದ್ದಿದ್ದರೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂರುತ್ತಿದ್ದರು. ಆ ಮರದ ಕುರ್ಚಿಯ ಒಂದು ಕಾಲು ಸಡಿಲ. ಎಳೆದರೆ ಕಿರ್ರೆಂದು ಕಿರುಚುತ್ತಿತ್ತು. ಆ ಸದ್ದು ಹೊರಗೆ ಕೇಳಿಸಿದ ಕೂಡಲೇ ಬೆಂಚಿನ ಮೇಲಿದ್ದವರೆಲ್ಲ ತಲೆ ತಗ್ಗಿಸುತ್ತಿದ್ದರು. ತುಕ್ಕಮ್ಮನಿಗೆ ಇದನ್ನು ಮೊದಲ ದಿನವೇ ಪಕ್ಕದ ಹಾಸಿಗೆಯ ಅಜ್ಜಿ ಕಿವಿಯಲ್ಲಿ ಉಸುರಿದ್ದಳು.

ಎದುರು ಹಾಸಿಗೆಯಲ್ಲಿದ್ದುದು ಒಬ್ಬ ಬಡಗಿಯ ಎರಡು ವರ್ಷದ ಕೂಸು. ಅದಕ್ಕೂ ಅದೇ ದಿನ ಗಡ್ಡೆ ತೆಗೆದಿದ್ದರು. ಹೆಂಡತಿಗೆ ದಿನ ತುಂಬಿತ್ತು, ಮನುಷ್ಯ ಒಬ್ಬನೇ ಇದ್ದ. ಕೈ ಸುಮ್ಮನಿರುತ್ತಿರಲಿಲ್ಲ; ಕಿಟಕಿಯ ಚಿಲಕ, ತೂಗಾಡುವ ಮೇಜು, ಕಂಡದ್ದನ್ನೆಲ್ಲ ಬಿಗಿ ಮಾಡುತ್ತಿದ್ದ. ಗಂಡಸಾದ್ದರಿಂದ ಅವನ ಕಿವಿಯಲ್ಲಿ ಯಾರೂ ಏನೂ ಉಸುರಲಿಲ್ಲ.

ತುಕ್ಕಮ್ಮನ ತಂಗಿ ಅದೇ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿದ್ದಳು. ದೇಹದಿಂದ ತೆಗೆದ ತುಂಡುಗಳನ್ನು ಮೇಣದಲ್ಲಿ ಹೂತು, ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ, ಗಾಜಿನ ಪಟ್ಟಿಗೆ ಅಂಟಿಸಿ ಬಣ್ಣ ಹಾಕುವುದು ಅವಳ ಕೆಲಸ. ಆ ಸ್ಲೈಡುಗಳನ್ನು ನೋಡಿ ರೋಗ ಹೇಳುವ ಡಾಕ್ಟರು ಬೇರೆ. ಮೊದಲೇ ಅಕ್ಕನಿಗೆ ಕಡ್ಡಿ ಮುರಿದಂತೆ ಹೇಳಿದ್ದಳು: "ಅಕ್ಕ, ಗುಬ್ಬಿ ಸ್ಲೈಡ್ ಬಂದ್ರೂ ನೀನು ಕೇಳಬಾರ್ದು, ನಾನು ಹೇಳಬಾರ್ದು. ಹೇಳೋರು ಹೇಳ್ತಾರೆ. ಇದ್ರಲ್ಲಿ ತಪ್ಪಿದ್ರೆ ನನ್ನ ಕೆಲಸ ಹೋಗುತ್ತೆ."

ನಾಲ್ಕನೇ ದಿನ ಮಧ್ಯಾಹ್ನ ತುಕ್ಕಮ್ಮ ತಂಗಿಗೆ ಊಟದ ಡಬ್ಬಿ ಕೊಡಲು ಕೆಳಗಿಳಿದಳು. ತಂಗಿ ಡಬ್ಬಿ ತೆಗೆದುಕೊಂಡು, "ಇಲ್ಲೇ ಇರು, ಕೈ ತೊಳ್ಕೊಂಡು ಬರ್ತೀನಿ" ಎಂದು ಹೊರಗೆ ಹೋದಳು. ಮೇಜಿನ ಮೇಲೆ, ಸೂಕ್ಷ್ಮದರ್ಶಕದ ಪಕ್ಕ, ಎರಡು ಟ್ರೇಗಳಲ್ಲಿ ಸ್ಲೈಡುಗಳು ಒಣಗುತ್ತಿದ್ದವು. ಒಂದರ ಮೇಲಿನ ನಂಬರು ಗುಬ್ಬಿಯ ಕೈಪಟ್ಟಿಯಲ್ಲಿದ್ದ ನಂಬರು. ಹದಿನೆಂಟು ವರ್ಷ ಇನ್ನೇನನ್ನೂ ಮಾಡದ ಕೈ ಅದು. ಸ್ಲೈಡು ಕಂಡರೆ ಎತ್ತಿ ಮಸೂರದ ಕೆಳಗಿಡುವುದೇ ಅದಕ್ಕೆ ಗೊತ್ತು. ಎತ್ತಿತು, ಇಟ್ಟಿತು.

ಗುಲಾಬಿ, ನೇರಳೆ. ಅದರ ಭಾಷೆ ಅವಳಿಗೆ ತಿಳಿಯದು. ಸ್ಲೈಡನ್ನು ಮೆಲ್ಲಗೆ ಸರಿಸುತ್ತ ಅಂಚಿಗೆ ಬಂದಳು. ಅಂಚಿನುದ್ದಕ್ಕೂ ದಪ್ಪನೆಯ ನೀಲಿ. ಒಂದೆರಡು ಕಡೆ ನೀಲಿ ಸಣ್ಣ ಬಿರುಕಿನ ಗುಂಟ ಒಳಕ್ಕೂ ಇಳಿದಿತ್ತು, ತಾಕತ್ತಿಲ್ಲದ ಗೋಧಿ ಎಲೆಯಲ್ಲಿ ತುಕ್ಕು ಇಳಿಯುವ ಹಾಗೇ.

ಹೊರಗೆ ಚಪ್ಪಲಿ ಸದ್ದು. ಸ್ಲೈಡನ್ನು ಗಡಿಬಿಡಿಯಲ್ಲಿ ಟ್ರೇಗೆ ತುರುಕಿ ಕಿಟಕಿಯ ಕಡೆ ತಿರುಗಿ ನಿಂತಳು.

"ಯಾಕೆ ಹಿಂಗಿದೀಯಾ? ಮುಖ ಬಿಳಿಚ್ಕೊಂಡಿದೆ" ಎಂದಳು ತಂಗಿ.

"ನಿದ್ದೆ ಇಲ್ಲ ಅಷ್ಟೇ."

ಅಲ್ಪವಿದ್ಯೆ ಮಹಾಗರ್ವ ಅನ್ನುತ್ತಾರೆ. ಅಲ್ಪವಿದ್ಯೆ ಮಹಾಭಯ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ, ಆದರೆ ಅದೂ ಅಷ್ಟೇ ನಿಜ. ಏನೂ ಕಲಿಯದ ತಾಯಿ ದೇವರನ್ನು ಕೇಳಿಕೊಂಡು ಕೂರುತ್ತಿದ್ದಳು. ಪೂರ್ತಿ ಕಲಿತವಳು ನಕ್ಕುಬಿಡುತ್ತಿದ್ದಳು. ತುಕ್ಕಮ್ಮ ನಡುವೆ ಸಿಕ್ಕಿಹಾಕಿಕೊಂಡಳು. ಯಾರನ್ನಾದರೂ ಕೇಳೋಣವೆಂದರೆ ಕದ್ದು ನೋಡಿದ್ದು ಹೊರಬೀಳುತ್ತದೆ, ತಂಗಿಯ ಅನ್ನಕ್ಕೆ ಕಲ್ಲು ಬೀಳುತ್ತದೆ. ಬಾಯಿಗೆ ಬೀಗ ಹಾಕಿಕೊಂಡು ಮೂರು ದಿನ ಕಳೆದಳು.

ಗುಬ್ಬಿ ಮಾತ್ರ ಚೇತರಿಸಿಕೊಳ್ಳುತ್ತಿದ್ದಳು. ಐದನೇ ದಿನ ಹಾಸಿಗೆಯಿಂದಿಳಿದು ಅಪ್ಪನ ಬೆರಳು ಹಿಡಿದು ಬಾಗಿಲವರೆಗೆ ನಡೆದಳು. ಅಪ್ಪ ಶಾಲೆಯ ಗಣಿತದ ಮೇಷ್ಟ್ರು. "ಹದಿಮೂರು ಹೆಜ್ಜೆ. ನಾಳೆ ಹದಿನಾಲ್ಕು ಹಾಕಿದ್ರೆ ಪಾಸು" ಎಂದು ನಗಿಸಿದ. ತಾಯಿ ನಗಲಿಲ್ಲ. ಮಗು ಹತ್ತಿರ ಬಂದು ಮಡಿಲಿಗೆ ತಲೆಯಿಟ್ಟರೆ ಅವಳ ಕೈ ತಂತಾನೇ ಪಟ್ಟಿ ಕಟ್ಟಿದ ಪಕ್ಕೆಯ ಮೇಲೆ ಹೋಗುತ್ತಿತ್ತು. ಅದರ ಕೆಳಗೆ, ಆ ಬೆಚ್ಚಗಿನ ಕತ್ತಲಲ್ಲಿ, ಅದು ಈಗ ಎಷ್ಟು ದೂರ ಬಂದಿರಬಹುದು? ಗೋಧಿಯಲ್ಲಾದರೆ ಲೆಕ್ಕ ಗೊತ್ತು. ಮಗುವಿನಲ್ಲಿ?

"ಅಮ್ಮ, ಯಾಕೆ ಒತ್ತಿ ಒತ್ತಿ ನೋಡ್ತೀಯಾ? ಮತ್ತೆ ಬಂತಾ?" ಎಂದು ಗುಬ್ಬಿ ಕೇಳಿದಳು.

ಗಂಡ ತಿರುಗಿ ನೋಡಿದ. "ಇಲ್ಲ ಚಿನ್ನ" ಎಂದಳು ತುಕ್ಕಮ್ಮ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಏಳನೇ ದಿನ ರಿಪೋರ್ಟ್ ಬರಲಿಲ್ಲ.

"ಇನ್ನೆರಡು ದಿನ ಆಗುತ್ತಂತೆ" ಎಂದಳು ನರ್ಸು. ಯಾಕೆ ಎಂದರೆ ಅವಳಿಗೂ ಗೊತ್ತಿಲ್ಲ. ಗಂಡ ಅದನ್ನು ಹಗುರವಾಗಿ ತೆಗೆದುಕೊಂಡ. ಪರೀಕ್ಷೆಯ ಫಲಿತಾಂಶ ಯಾವತ್ತು ಹೇಳಿದ ದಿನ ಬಂದಿದೆ ಎಂದ. ತುಕ್ಕಮ್ಮನಿಗೆ ಮಾತ್ರ ಅನುಮಾನ ಉಳಿಯಲಿಲ್ಲ. ಅಂಚು ಕೆಟ್ಟಿದೆ, ಹೇಳಲು ಧೈರ್ಯ ಸಾಲದೆ ಮತ್ತೆ ಮತ್ತೆ ನೋಡುತ್ತಿದ್ದಾರೆ. ತಾನಾಗಿದ್ದರೂ ಹಾಗೇ ಮಾಡುತ್ತಿದ್ದಳು.

ಕಾರಿಡಾರಿನ ಬೆಂಚಿನ ಮೇಲೆ ಬಡಗಿ ಕೂತಿದ್ದ. "ನಿಮ್ದೂ ಬಂದಿಲ್ವಾ? ನಮ್ದೂ ಇಲ್ಲ" ಎಂದ. "ಮಿಕ್ಕೋರಿಗೆಲ್ಲ ಬಂತು. ನಮ್ಮಿಬ್ರಿಗೇ ತಡ ಅಂದ್ರೆ ಏನೋ ಇರ್ಬೇಕು, ಅಲ್ವಾ ಅಮ್ಮಾ?"

ಅವನ ಕೈಯಲ್ಲಿ ತಿರುಪುಳಿ ಇತ್ತು. "ಸುಮ್ನೆ ಕೂತ್ರೆ ತಲೆ ಕೆಡುತ್ತೆ. ಅದಕ್ಕೆ ಆ ಕೋಣೆ ಕುರ್ಚಿ ಕಾಲು ಬಿಗಿ ಮಾಡ್ದೆ. ಏನ್ ಕಿರುಚುತ್ತೆ ಅಂತೀರಿ, ಮಕ್ಕಳು ಹೆದರ್ಕೋತಾವೆ. ಇನ್ನು ಉಸಿರೆತ್ತಲ್ಲ ಬಿಡಿ."

ಎಂಟನೇ ದಿನ ಬೆಳಿಗ್ಗೆ ತಂಗಿ ಮೆಟ್ಟಿಲ ಬಳಿ ಸಿಕ್ಕಿದಳು. ಕಣ್ಣು ಊದಿತ್ತು.

"ಭಾವಂಗೆ ಹೇಳ್ಬೇಡ" ಎಂದಳು. "ಗುಬ್ಬಿ ಟ್ರೇಲಿ ಒಂದು ಸ್ಲೈಡ್ ಕಮ್ಮಿ ಬಂತು ಅಕ್ಕ. ಹುಡುಕಿದ್ರೆ ಪಕ್ಕದ ಟ್ರೇಲಿತ್ತು, ಇನ್ನೊಂದು ಮಗುವಿನದ್ರಲ್ಲಿ. ಒಂದು ಕಲಸಿದ್ರೆ ಎರಡನ್ನೂ ನಂಬೋ ಹಾಗಿಲ್ಲ, ಅದು ನಿಯಮ. ಎರಡೂ ಮಕ್ಕಳ ರಿಪೋರ್ಟ್ ನಿಲ್ಸಿ, ಮೇಣದಿಂದ ಹೊಸದಾಗಿ ಸೀಳಿ ನೋಡ್ತಿದಾರೆ. ಹತ್ತು ವರ್ಷ ಆಯ್ತು, ನನ್ನ ಕೈಯಲ್ಲಿ ಒಂದು ಗಾಜೂ ಜಾಗ ತಪ್ಪಿರ್ಲಿಲ್ಲ. ನಾನೇ ಮಾಡಿದೀನಿ ಅಂತ ನಂಗೇ ನಂಬಿಕೆ ಬರ್ತಿಲ್ಲ. ಕಾರಣ ಬರೆದು ಕೊಡು ಅಂದಿದಾರೆ. ಏನಂತ ಬರೀಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ತುಕ್ಕಮ್ಮ ತನ್ನ ಬಲಗೈ ನೋಡಿಕೊಂಡಳು. ಎರಡು ಟ್ರೇ, ಚಪ್ಪಲಿ ಸದ್ದು, ತುರುಕಿದ್ದು. ಯಾವುದಕ್ಕೆ ತುರುಕಿದೆ ಎಂದು ಅವಳು ನೋಡಿಯೇ ಇರಲಿಲ್ಲ.

"ನೀನೇನೂ ಬರೀಬೇಡ" ಎಂದಳು. "ಮಾಡಿದ್ದು ನಾನು."

ತಂಗಿ ಬಯ್ಯಲಿಲ್ಲ. "ನನ್ನ ಕೇಳಬಾರ್ದಾಗಿತ್ತಾ?" ಎಂದಷ್ಟೇ ಅಂದು ಮೆಟ್ಟಿಲಿಳಿದು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರಮ್ಮ ಆ ಸಣ್ಣ ಕೋಣೆಯಲ್ಲಿ ಕಾಗದ ನೋಡುತ್ತ ನಿಂತಿದ್ದರು. ತುಕ್ಕಮ್ಮ ಬಾಗಿಲು ಮುಚ್ಚಿ, ನಾಲ್ಕನೇ ದಿನದಿಂದ ಶುರುಮಾಡಿ ಒಂದನ್ನೂ ಬಿಡದೆ ಹೇಳಿದಳು. ಕೊನೆಗೆ, "ಅಂಚೆಲ್ಲ ನೀಲಿ ಇತ್ತು ಡಾಕ್ಟ್ರೇ, ಒಳಗೂ ಇಳಿದಿತ್ತು. ನಂಗೆ ಗೊತ್ತು. ಮುಚ್ಚಿಡಬೇಡಿ" ಎಂದಳು.

ಡಾಕ್ಟರಮ್ಮ ಕನ್ನಡಕ ತೆಗೆದರು. "ಅದು ಮಸಿ" ಎಂದರು.

"ಏನು?"

"ಮಸಿ. ಗಡ್ಡೇನ ಸೀಳೋ ಮೊದ್ಲು ಅದರ ಹೊರಮೈಗೆಲ್ಲ ಲ್ಯಾಬಿನೋರೇ ಮಸಿ ಬಳೀತಾರೆ. ಆಮೇಲೆ ಎಷ್ಟು ತುಂಡು ಮಾಡಿದ್ರೂ ನನ್ನ ಕತ್ತರಿ ಎಲ್ಲಿ ಹೋಗಿತ್ತು ಅಂತ ತಿಳೀಬೇಕಲ್ಲ. ಬಿರುಕಿದ್ರೆ ಒಳಗೂ ಇಳಿಯುತ್ತೆ. ನಿಮ್ಮ ಮಗಳ ರಿಪೋರ್ಟ್ ಈಗಷ್ಟೇ ಬಂತು. ಗಡ್ಡೆಗೂ ಆ ಮಸಿಗೂ ನಡುವೆ ಬೇಕಾದಷ್ಟು ಜಾಗ ಇದೆ. ಅಂಚು ಶುದ್ಧವಾಗಿದೆ."

ನಿಂತೇ ಹೇಳಿದರು. ತುಕ್ಕಮ್ಮ ಹಗ್ಗವನ್ನು ಹಾವೆಂದುಕೊಂಡು ನಾಲ್ಕು ದಿನ ಅದರ ಜೊತೆ ಮಲಗಿದ್ದಳು, ತನ್ನ ಹೆದರಿಕೆ ಮಗುವಿನ ಕಣ್ಣಿಗೂ ಬೀಳುವಂತೆ ಮಾಡಿದ್ದಳು. ಅಷ್ಟೂ ದಿನದ ಭಯವನ್ನು ಅವಳ ಕೈಯೇ ಕುದಿಸಿ ಬಣ್ಣ ಹಾಕಿತ್ತು.

"ತಂಗಿ ತಪ್ಪಿಲ್ಲ ಅಂತ ನೀವೇ ಬರೆದು ಕೊಡಿ, ಇವತ್ತೇ" ಎಂದರು ಡಾಕ್ಟರಮ್ಮ. "ಇನ್ನೊಂದು ಮಾತು. ಹೊರಗೆ ಒಬ್ಬ ತಂದೆ ಎರಡು ದಿನದಿಂದ ಉಗುರು ಕಚ್ಕೊಂಡು ಕೂತಿದಾರೆ. ಯಾಕೆ ತಡ ಅಂತ ಹೇಳೋಕೆ ನನ್ನ ಹತ್ರ ಮಾತಿರ್ಲಿಲ್ಲ."

ಹೊರಗೆ ಬಂದವಳಿಗೆ ಗುಬ್ಬಿಯ ಹಾಸಿಗೆಗೆ ಓಡಬೇಕೆನಿಸಿತು. ಓಡಲಿಲ್ಲ. ಬಡಗಿಯ ಪಕ್ಕ ಕೂತು ಎಲ್ಲ ಹೇಳಿದಳು. ಅವನು ಬಯ್ದರೆ ಬಯ್ಯಲಿ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದಳು.

ಅವನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರೆ, ತಡ ಆಗಿದ್ದು ಗಾಜು ಅದಲು ಬದಲು ಆಗಿದ್ದಕ್ಕೆ? ಬೇರೇನೂ ಇಲ್ಲ?"

"ತಡಕ್ಕೆ ಬೇರೆ ಕಾರಣ ಇಲ್ಲ."

"ನಿಮ್ಮ ಮಗೂದು?"

"ಶುದ್ಧ ಇದೆಯಂತೆ."

ಅವನು ಎರಡೂ ಕೈಯಿಂದ ಮುಖ ಉಜ್ಜಿಕೊಂಡು ನಕ್ಕ. ಈ ಎಂಟು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು. "ಜೀವ ಬಂತು ನೋಡಿ ಅಮ್ಮಾ. ನಾನು ಏನೇನೋ ಅಂದ್ಕೊಂಡಿದ್ದೆ. ನಿಮ್ಮಂಥ ಕಲಿತೋರೇ ಸುಮ್ನೆ ಹೆದರ್ಕೊಂಡಿದ್ರಿ ಅಂದ್ರೆ ನಂದೇನು." ಅವಳು ಹಾಗಲ್ಲ, ತಡದ ವಿಷಯ ಬೇರೆ, ರಿಪೋರ್ಟಿನ ವಿಷಯ ಬೇರೆ ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನರ್ಸು ಬಂದು ಅವನನ್ನು ಕರೆದಳು.

"ನೀವೂ ಬನ್ನಿ ಅಮ್ಮಾ" ಎಂದ. "ನಂಗೆ ಅವರ ಮಾತು ಅರ್ಧ ತಿಳಿಯಲ್ಲ. ಹೆಂಡ್ತಿಗೆ ಫೋನಲ್ಲಿ ಸರಿಯಾಗಿ ಹೇಳ್ಬೇಕಲ್ಲ."

ಬರುವುದಿಲ್ಲ ಎನ್ನುವ ಮುಖ ಅವಳಿಗಿರಲಿಲ್ಲ. ಹೋದಳು. ಡಾಕ್ಟರಮ್ಮ ಬಾಗಿಲ ಕಡೆ ಬೆನ್ನು ಮಾಡಿ ನಿಂತಿದ್ದರು. ನಿಂತೇ ಇರಲಿ ಎಂದು ತುಕ್ಕಮ್ಮ ತನ್ನ ಮಗುವಿಗಾಗಿಯೂ ಬೇಡಿರದಷ್ಟು ಬೇಡಿಕೊಂಡಳು. ಬಡಗಿ ಇನ್ನೂ ಅರ್ಧ ನಗುತ್ತಲೇ ಕೈ ಜೋಡಿಸಿದ. ಡಾಕ್ಟರಮ್ಮ ತಿರುಗಿ ಅವನನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು, ಮೇಜಿನ ಮೇಲೆ ಕಾಗದವನ್ನು ಬೋರಲಾಗಿ ಇಟ್ಟರು.

ಕುರ್ಚಿಗೆ ಕೈ ಹಾಕಿ ಎಳೆದುಕೊಂಡರು. ಬಿಗಿಯಾಗಿ ಕೂತ ಕಾಲು ನುಣ್ಣಗೆ ಜಾರಿತು. ಹೊರಗೆ ಬೆಂಚಿನ ಮೇಲಿದ್ದವರಿಗೆ ಏನೂ ಕೇಳಿಸಲಿಲ್ಲ.